ಪಹರೆಯ ನಡುವೆ ಮಂಗಳವಾದ್ಯ

ಇಸ್ರೇಲ್ ಮತ್ತು ಪ್ಯಾಲೆಸ್ಟೈನ್ ಚಿತ್ರಗಳಲ್ಲಿ ಮದುವೆಯ ಮನೆ

ಮಗನ ಮದುವೆಯನ್ನು ನಾಲ್ಕು ಜನ ಮೆಚ್ಚುವಂತೆ ಮಾಡಬೇಕೆಂಬ ಹಂಬಲ ಯಾವ ತಂದೆಗೆ ತಾನೆ ಇರುವುದಿಲ್ಲ? ಗಲಿಲೀ ಸೀಮೆಯ ಒಂದು ಅರಬ್ ಹಳ್ಳಿಯ ಮುಖ್ತಾರ, ಎಂದರೆ ನಮ್ಮ ಕಡೆಯ ಪಟೇಲನಂಥ ಹಿರಿಯ, ಈ ಹಂಬಲವನ್ನೇ ಹೊತ್ತು ಸೈನ್ಯಾಧಿಕಾರಿಯ ಮುಂದೆ ಬಂದು ನಿಲ್ಲುತ್ತಾನೆ. ಹಳ್ಳಿಯಲ್ಲಿ ಕರ್ಫ್ಯೂ ಜಾರಿಯಲ್ಲಿದೆ. ಕತ್ತಲಾದ ಮೇಲೆ ಯಾರೂ ಹೊರಗೆ ಸುಳಿಯುವಂತಿಲ್ಲ. ಮದುವೆಯಾದರೋ ಹಗಲು ಕಳೆದು ರಾತ್ರಿಯೆಲ್ಲ ನಡೆಯಬೇಕಾದದ್ದು. ಹಾಡು ಹಸೆಗಳಿಲ್ಲದೆ, ದೀಪ ಪಂಜುಗಳಿಲ್ಲದೆ, ಊರ ಹಿರಿಯನ ಮಗನ ಮದುವೆ ನಡೆದೀತು ಹೇಗೆ? ಅಧಿಕಾರಿ ಮೊದಲು ಆಗದೆನ್ನುತ್ತಾನೆ. ಬಳಿಕ ಒಂದು ಷರತ್ತಿನ ಮೇಲೆ ಒಪ್ಪುತ್ತಾನೆ. ತಾನೂ ತನ್ನ ಸಹೋದ್ಯೋಗಿಗಳೂ ಆ ಮದುವೆಗೆ ಗೌರವಾನ್ವಿತ ಅತಿಥಿಗಳಾಗಿ ಬರಬೇಕು!

ಮೈಕೆಲ್ ಖ್ಲೈಫಿ ಎಂಬ ನಿರ್ದೇಶಕರು 1987ರಲ್ಲಿ ತೆಗೆದ 'ಗಲಿಲೀಯಲ್ಲಿ ಮದುವೆ' ಎಂಬ ಚಿತ್ರ ಆರಂಭವಾಗುವುದು ಹೀಗೆ. ಖ್ಲೈಫಿ 1950ರಲ್ಲಿ ನಜರೇತ್ ಪಟ್ಟಣದಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಬೆಲ್ಜಿಯಂ ದೇಶಕ್ಕೆ ಹೋಗಿ, ಅಲ್ಲಿ ನಾಟಕ ಚಲಚ್ಚಿತ್ರಗಳನ್ನು ಅಭ್ಯಾಸ ಮಾಡಿ, ಕತೆಯನ್ನು ಅರಸಿಕೊಂಡು ಮತ್ತೆ ತಮ್ಮ ನಾಡಿಗೇ ಬಂದವರು. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಅಂತರರಾಷ್ಟ್ರೀಯ ಪ್ರಶಸ್ತಿಯೂ, ಸ್ಪೇನಿನ ಸಾನ್ ಸೆಬಾಸ್ಟಿಯನ್ ಉತ್ಸವದಲ್ಲಿ ಬಂಗಾರದ ಚಿಪ್ಪೂ ಈ ಚಿತ್ರಕ್ಕೆ ದೊರೆತವು.

ಇಸ್ರೇಲಿಗಳ ಮತ್ತು ಪ್ಯಾಲೆಸ್ಟೈನಿಗಳ ಬಾಳನ್ನು ಕುರಿತ ಚಿತ್ರಗಳೆಂದರೆ ಬಂದೂಕು, ಬಾಂಬು, ಟ್ಯಾಂಕುಗಳ ಚಿತ್ರಗಳೆಂದೇ ಬಹುಮಂದಿಯ ಭಾವನೆ. ಅಂಥವು ಇಲ್ಲದಿಲ್ಲ. ಪಾಲ್ ನ್ಯೂಮನ್ ನಟಿಸಿದ 1960ರ 'ಎಕ್ಸೋಡಸ್' ಎಂಬ ಹಾಲಿವುಡ್ ಚಿತ್ರದಿಂದ ಮೊದಲುಗೊಂಡು, ಲೆಬನಾನ್ ಯುದ್ಧದ ದುಃಸ್ವಪ್ನವನ್ನು ಬರೆದ ಚಿತ್ರಗಳಲ್ಲಿ ಮೂಡಿಸಿದ ಆರಿ ಫೋಲ್ಮನ್ ಅವರ 2008ರ 'ವಾಲ್ಟ್ಸ್ ವಿತ್ ಬಶೀರ್'ವರೆಗೆ ಅವುಗಳ ಸಾಲೇ ಇದೆ. ಆದರೆ ಆ ನಾಡಿನ ನಿರ್ದೇಶಕರು ಮತ್ತೆ ಮತ್ತೆ ಕ್ಯಾಮರಾ ಹಿಡಿದು ನುಗ್ಗಿದುದು ಮದುವೆಯ ಮನೆಗೆ ಎಂಬುದನ್ನು ಗಮನಿಸಿದವರು ಕಡಿಮೆ. ಈ ಲೇಖನದಲ್ಲಿ ಆ ಮದುವೆಗಳಿಗೇ ವಾಚಕರನ್ನು ಕರೆದೊಯ್ಯುವ ಉದ್ದೇಶ. ಹೆಣ್ಣು ಯಾರ ಮನೆಗೆ ಸೇರಿದವಳು, ಯಾವ ಊರಿಗೆ ಸೇರಿದವಳು, ನಾಳೆ ಎಲ್ಲಿ ಬಾಳುವವಳು ಎಂಬ ಪ್ರಶ್ನೆಗಳನ್ನು ಎಲ್ಲ ನಾಡುಗಳಲ್ಲೂ ಹಿರಿಯರು ಕೂತು ಬಗೆಹರಿಸುತ್ತಾರೆ. ಅಲ್ಲಿ ಆ ಮಾತುಕತೆಯ ನಡುವೆ ಸರಕಾರವೂ ಬಂದು ಚಾಪೆಯ ಮೇಲೆ ಕುಳಿತುಬಿಡುತ್ತದೆ.

ಕರೆಯದೆ ಬಂದ ಅತಿಥಿ

ಖ್ಲೈಫಿಯವರ ಚಿತ್ರ ಅರ್ಥವಾಗಬೇಕಾದರೆ ಹಿನ್ನೆಲೆ ತುಸು ತಿಳಿದಿರಬೇಕು. 1948ರಲ್ಲಿ ಇಸ್ರೇಲ್ ರಾಜ್ಯ ಸ್ಥಾಪನೆಯಾದಾಗ ನಡೆದ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೈನಿ ಅರಬ್ಬರು ಮನೆಮಠಗಳನ್ನು ಕಳೆದುಕೊಂಡು ಹೊರಬಿದ್ದರು. ಸುಮಾರು ಒಂದೂವರೆ ಲಕ್ಷ ಮಂದಿ ಹೊಸ ರಾಜ್ಯದೊಳಗೇ ಉಳಿದರು. ಇವರು ಪ್ರಜೆಗಳೆನಿಸಿದರು, ಮತ ಹಾಕಿದರು. ಆದರೂ 1966ರವರೆಗೆ ಇವರ ಊರುಗಳು ಸೈನಿಕ ಆಡಳಿತದ ಕೈಕೆಳಗೇ ಇದ್ದವು. ಬೇರೆ ಊರಿಗೆ ಹೋಗಬೇಕಾದರೆ ರಹದಾರಿ ಬೇಕಾಗಿತ್ತು. ಕರ್ಫ್ಯೂ ಎಂಬ ಮಾತಂತೂ ಇವರ ನೆನಪಿನಲ್ಲಿ ರಕ್ತದಿಂದ ಬರೆದದ್ದು. 1956ರ ಅಕ್ಟೋಬರ್ 29ರಂದು ಕಫ್ರ್ ಕಾಸಿಂ ಹಳ್ಳಿಯಲ್ಲಿ ಕರ್ಫ್ಯೂ ಸಮಯವನ್ನು ಇದ್ದಕ್ಕಿದ್ದಂತೆ ಮುಂದಕ್ಕೆ ತಂದರು. ಅದನ್ನರಿಯದೆ ಹೊಲಗದ್ದೆಗಳಿಂದ ಮನೆಗೆ ಹಿಂದಿರುಗುತ್ತಿದ್ದ 40ಕ್ಕೂ ಹೆಚ್ಚು ಮಂದಿಯನ್ನು ಗಡಿ ಪೊಲೀಸರು ಗುಂಡಿಟ್ಟು ಕೊಂದರು.

ಇಂಥ ನೆನಪುಳ್ಳ ಊರಿಗೆ ಸಮವಸ್ತ್ರದ ಅಧಿಕಾರಿಗಳು ಮದುವೆಯೂಟಕ್ಕೆ ಬಂದರೆ ಹೇಗಿರಬೇಡ! ಹಳ್ಳಿಯ ತರುಣರು ಒಳಗೊಳಗೇ ಸಂಚು ಹೂಡುತ್ತಾರೆ. ಮುಖ್ತಾರನ ತಮ್ಮನಿಗೆ ಅವಮಾನ. ವರನಿಗಂತೂ ತಂದೆಯ ಮೇಲೆ ಹೇಳಲಾರದ ಸಿಟ್ಟು. ಇಷ್ಟರ ನಡುವೆ ಬಿಸಿಲಿಗೂ ಭಾರಿ ಊಟಕ್ಕೂ ಸೋತ ಇಸ್ರೇಲಿ ಸೈನಿಕ ಯುವತಿಯೊಬ್ಬಳು ಮೂರ್ಛೆ ಹೋಗುತ್ತಾಳೆ. ಹೆಂಗಸರು ಆಕೆಯನ್ನು ಒಳಮನೆಗೆ ಎತ್ತಿಕೊಂಡು ಹೋಗಿ ಉಪಚರಿಸುತ್ತಾರೆ. ಸಮವಸ್ತ್ರ ಕಳಚಿ ತಮ್ಮ ಕಸೂತಿಯ ಉಡುಗೆಯನ್ನೇ ಉಡಿಸುತ್ತಾರೆ. ಹೊರಗೆ ಗಂಡಸರ ಪಂಕ್ತಿಯಲ್ಲಿ ಪ್ರತಿ ಮಾತೂ ಅಳೆದು ತೂಗಿ ಹೊರಡುತ್ತಿರುವಾಗ, ಒಳಗೆ ಸುಗಂಧದ ನೀರು, ಬೆಳ್ಳನೆಯ ಬಟ್ಟೆ, ಮೆಲುನಗೆ. ಚಿತ್ರದ ಅತ್ಯಂತ ಸುಂದರವಾದ ದೃಶ್ಯವಿದು. ಆದರೆ ನಿರ್ದೇಶಕರು ಇದರಿಂದ ಮಧುರವಾದ ಪಾಠವೊಂದನ್ನು ಹಿಂಡುವ ಗೋಜಿಗೆ ಹೋಗಿಲ್ಲ. ರಾತ್ರಿ ಮುಂದುವರಿದಂತೆ ಮನೆಯ ಬಿಗುವೂ ಹೆಚ್ಚುತ್ತದೆ. ಸಂಪ್ರದಾಯದಂತೆ ಬಂಧುಗಳು ಕೋಣೆಯ ಹೊರಗೆ ಕಾದಿದ್ದಾರೆ. ಒಳಗೆ ವರನು ಕೋಪದಿಂದ ಕಲ್ಲಾಗಿ ಕುಳಿತಿದ್ದಾನೆ. ತಂದೆಯ ಮಾನ, ಮಗನ ಮಾನ, ಊರ ಮಾನ ಎಂದು ಗಂಡಸರು ಕಟ್ಟಿದ ಗೋಪುರದ ಭಾರವೆಲ್ಲ ಕೊನೆಗೆ ಬಿದ್ದದ್ದು ವಧುವಿನ ಹೆಗಲಿಗೆ. ಆಕೆಯೇ ಅದನ್ನು ಗಟ್ಟಿ ಮನಸ್ಸಿನಿಂದ ನಿಭಾಯಿಸುತ್ತಾಳೆ.

ಆ ಸೈನ್ಯಾಧಿಕಾರಿಯ ಪಾತ್ರ ವಹಿಸಿದವರು ಮಕ್ರಮ್ ಖೂರಿ. ಇವರು ಇಸ್ರೇಲಿನ ಅರಬ್ ನಟರು. ಆ 1987ರಲ್ಲೇ ಇಸ್ರೇಲ್ ಸರಕಾರದ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿ ಇವರಿಗೆ ಸಂದಿತು. ಅದನ್ನು ಪಡೆದ ಮೊದಲ ಅರಬ್ಬರು ಇವರೇ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುತ್ತದೆ.

ಬಿಡುಗಡೆಯ ಚೀಟಿ

ಯೆಹೂದ್ಯರ ಮದುವೆಗಳೆಲ್ಲ ಸುಸೂತ್ರವೆಂದು ಭಾವಿಸಬೇಕಾಗಿಲ್ಲ. ಇಸ್ರೇಲಿನಲ್ಲಿ ಮದುವೆ ವಿಚ್ಛೇದನಗಳು ಆಯಾ ಮತದ ಧರ್ಮಾಧಿಕಾರಿಗಳ ವಶ. ತುರ್ಕರ ಕಾಲದ ಈ ಏರ್ಪಾಟನ್ನು ಬ್ರಿಟಿಷರು ಉಳಿಸಿಕೊಂಡರು, ಹೊಸ ರಾಜ್ಯವೂ ಮುಂದುವರಿಸಿತು. ಆದುದರಿಂದ ಯೆಹೂದಿ ಯುವಕನೂ ಮುಸ್ಲಿಂ ಯುವತಿಯೂ ಒಲಿದರೆ ದೇಶದೊಳಗೆ ಅವರನ್ನು ಕೂಡಿಸುವವರಿಲ್ಲ. ವಿಮಾನವೇರಿ ಸೈಪ್ರಸ್ ದ್ವೀಪಕ್ಕೋ ಇನ್ನೆಲ್ಲಿಗೋ ಹೋಗಿ ಲಗ್ನವಾಗಿ ಬರುವುದು ವಾಡಿಕೆ. ಅಂಥ ಲಗ್ನವನ್ನು ಸರಕಾರ ದಾಖಲು ಮಾಡಿಕೊಳ್ಳಲೇಬೇಕೆಂದು 1963ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಈ ಮನೆವಾರ್ತೆಯನ್ನು ನಗೆಯಾಗಿ ತೋರಿಸಿದವರು ಎಫ್ರಾಯಿಂ ಕಿಶೋನ್. ಹಂಗೇರಿಯಲ್ಲಿ ಹುಟ್ಟಿ, ನಾತ್ಸಿಗಳ ಶಿಬಿರಗಳಿಂದ ಪಾರಾಗಿ, 1949ರಲ್ಲಿ ಇಸ್ರೇಲ್ ಸೇರಿದ ಈ ಹಾಸ್ಯ ಲೇಖಕರ 1964ರ 'ಸಾಲ್ಲಾ ಶಬತಿ' ಚಿತ್ರದಲ್ಲಿ, ಅರಬ್ ನಾಡೊಂದರಿಂದ ಮಕ್ಕಳ ದಂಡಿನೊಡನೆ ಬಂದಿಳಿದ ಯೆಹೂದಿ ಗೃಹಸ್ಥನೊಬ್ಬ ತಗಡಿನ ಗುಡಿಸಲ ಶಿಬಿರದಲ್ಲಿ ಸಿಕ್ಕಿಕೊಳ್ಳುತ್ತಾನೆ. ಮಗಳಿಗೆ ಕನ್ಯಾಶುಲ್ಕ ಪಡೆದಾದರೂ ಮನೆ ಸಂಪಾದಿಸೋಣವೆಂದು ಆತನ ಹಂಚಿಕೆ. ಹೊಸ ಸಮಾಜದ ಆದರ್ಶವಾದಿಗಳು ಕನ್ಯಾಶುಲ್ಕವೆಂಬ ಪದವನ್ನು ಕೇಳಿಯೇ ಬೆಚ್ಚುತ್ತಾರೆ! ಮುದುಕ ಸಾಲ್ಲಾನ ಪಾತ್ರ ವಹಿಸಿದ ಟೋಪೋಲ್ ಅವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಮುಂದೆ 'ಫಿಡ್ಲರ್ ಆನ್ ದಿ ರೂಫ್' ಚಿತ್ರದಲ್ಲಿ ಹೆಣ್ಣುಮಕ್ಕಳ ಮದುವೆಯ ಚಿಂತೆ ಹೊತ್ತ ತಂದೆಯಾಗಿ ಲೋಕಪ್ರಸಿದ್ಧರಾದವರು ಇವರೇ.

ನಗೆ ಬತ್ತಿದ ಮೇಲಿನ ಕತೆ 2014ರ 'ಗೆಟ್'. ಗೆಟ್ ಎಂದರೆ ಯೆಹೂದಿ ಶಾಸ್ತ್ರದಂತೆ ಗಂಡನು ತಾನಾಗಿ ಹೆಂಡತಿಯ ಕೈಗೆ ಕೊಡಬೇಕಾದ ಬಿಡುಗಡೆಯ ಚೀಟಿ. ಗಂಡ ಕೊಡಲೊಲ್ಲ. ಮೊರಾಕ್ಕೋ ಮೂಲದ ವಿವಿಯಾನ್ ಎಂಬ ಗೃಹಿಣಿ ವರ್ಷಗಟ್ಟಲೆ ಧರ್ಮನ್ಯಾಯಾಲಯದ ಬಾಗಿಲು ಕಾಯುತ್ತಾಳೆ. ಚಿತ್ರ ಆ ಕೋಣೆಯನ್ನೂ ಅದರ ಮುಂದಿನ ಮೊಗಸಾಲೆಯನ್ನೂ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಬಿಳಿಗೋಡೆಗಳ ಆ ಇಕ್ಕಟ್ಟಿನಲ್ಲಿ ನೋಡುವವರ ಉಸಿರೂ ಕಟ್ಟುತ್ತದೆ. ಹಿಬ್ರೂ, ಫ್ರೆಂಚ್, ಅರಬ್ಬಿ ಮೂರು ಭಾಷೆಗಳೂ ಆ ದಂಪತಿಗಳ ಜಗಳದಲ್ಲಿ ಬೆರೆತಿವೆ. ಯೆಹೂದಿ ಕುಟುಂಬವೊಂದು ಮನೆಯೊಳಗೆ ಅರಬ್ಬಿ ಆಡುತ್ತದೆಂಬ ಒಂದೇ ಸಂಗತಿ ಸಾಕು, ಆ ನಾಡಿನಲ್ಲಿ ಯಾರು ಯಾರೆಂದು ಗೆರೆ ಎಳೆಯುವುದು ಎಷ್ಟು ಕಷ್ಟವೆಂದು ತಿಳಿಯಲು. ತಮ್ಮ ಶ್ಲೋಮಿಯೊಡನೆ ಈ ಚಿತ್ರವನ್ನು ನಿರ್ದೇಶಿಸಿ, ನಾಯಕಿಯಾಗಿಯೂ ನಟಿಸಿದ ರೋನಿತ್ ಎಲ್ಕಬೆಟ್ಸ್ 2016ರಲ್ಲಿ, 51ರ ವಯಸ್ಸಿನಲ್ಲಿ, ತೀರಿಕೊಂಡರು. ಧರ್ಮನ್ಯಾಯಾಧೀಶರು ತಮ್ಮ 2015ರ ವಾರ್ಷಿಕ ಸಮ್ಮೇಳನದಲ್ಲಿ ಈ ಚಿತ್ರವನ್ನು ತರಿಸಿ ನೋಡಿದರೆಂಬುದು ಅದರ ಯೋಗ್ಯತೆಗೆ ಸಾಕ್ಷಿ.

ನಾಲ್ಕು ಗಂಟೆಯೊಳಗೆ ವರ

ಮತ್ತೆ ಅರಬ್ಬರ ಮನೆಗೆ ಬರೋಣ. ಹನಿ ಅಬು-ಅಸಾದ್ ಅವರ 2002ರ 'ರನಾಳ ಮದುವೆ' ಒಂದೇ ದಿನದ ಕತೆ. ಜೆರೂಸಲೇಮಿನ ಹದಿನೇಳರ ಹುಡುಗಿ ರನಾಳಿಗೆ ತಂದೆ ಕಟ್ಟಪ್ಪಣೆ ಮಾಡಿದ್ದಾನೆ. ಸಂಜೆ ನಾಲ್ಕು ಗಂಟೆಯೊಳಗೆ ತಾನು ಕೊಟ್ಟ ಪಟ್ಟಿಯಲ್ಲಿನ ಯೋಗ್ಯ ವರರಲ್ಲಿ ಒಬ್ಬನನ್ನು ಆರಿಸಬೇಕು, ಇಲ್ಲವೆ ತನ್ನೊಡನೆ ಈಜಿಪ್ಟಿಗೆ ಹೊರಡಬೇಕು. ಪಟ್ಟಿಯಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ. ಆಕೆಯ ಮನಸ್ಸು ನೆಟ್ಟ ಖಲೀಲ ಮಾತ್ರ ಇಲ್ಲ. ಆತ ನಾಟಕದವನು. (ನಾಟಕದವನಿಗೆ ಹೆಣ್ಣು ಕೊಡಲು ಹಿಂಜರಿಯುವ ತಂದೆಯರು ಜಗತ್ತಿನಲ್ಲೆಲ್ಲ ಒಂದೇ ಜಾತಿಯವರೆಂದು ತೋರುತ್ತದೆ.) ಬೆಳಗಿನ ಜಾವ ಮನೆಯಿಂದ ಹೊರಬಿದ್ದ ಹುಡುಗಿ ಖಲೀಲನನ್ನು ಹುಡುಕಬೇಕು, ಒಪ್ಪಿಸಬೇಕು, ಲಗ್ನ ಮಾಡಿಸುವ ಅಧಿಕಾರಿಯನ್ನು ಹಿಡಿಯಬೇಕು, ತಂದೆಯ ಮುಂದೆ ನಿಲ್ಲಿಸಬೇಕು. ಬೇರೆ ಊರಿನಲ್ಲಾದರೆ ಇದು ಒಳ್ಳೆಯ ಪ್ರಹಸನ. ಆದರೆ ಜೆರೂಸಲೇಮಿಗೂ ರಮಲ್ಲಾಕ್ಕೂ ನಡುವಿನ ದಾರಿ ಕೆಲವೇ ಮೈಲಿಗಳಾದರೂ ಅಲ್ಲಲ್ಲಿ ತಪಾಸಣೆಯ ಠಾಣೆಗಳು, ಅಡ್ಡಗಟ್ಟೆಗಳು. ಗಡಿಯಾರ ಓಡುತ್ತದೆ, ಕಾರು ನಿಲ್ಲುತ್ತದೆ. ಕೊನೆಗೆ ಲಗ್ನದ ಅಧಿಕಾರಿ ಅಡ್ಡಗಟ್ಟೆಯನ್ನು ದಾಟಿ ಬರಲಾರನೆಂದು ತಿಳಿದಾಗ ಮದುವೆಯ ದಿಬ್ಬಣವೇ ಅಲ್ಲಿಗೆ ಹೋಗುತ್ತದೆ. ಸೈನಿಕರ ಕಣ್ಣೆದುರಿನಲ್ಲೇ, ದಾರಿಯ ದೂಳಿನಲ್ಲೇ ಮದುವೆ.

ಸಿನಿಮಾ ಅತಿಶಯೋಕ್ತಿಯೆನ್ನುವವರು ಕಾನೂನಿನ ಪುಸ್ತಕ ತೆರೆದು ನೋಡಬಹುದು. 2003ರಲ್ಲಿ ಇಸ್ರೇಲ್ ಒಂದು ತಾತ್ಕಾಲಿಕ ಶಾಸನವನ್ನು ಮಾಡಿತು. ಅದರಂತೆ ಪಶ್ಚಿಮ ದಂಡೆ, ಗಾಜಾಗಳ ಪ್ಯಾಲೆಸ್ಟೈನಿಯನ್ನು ಮದುವೆಯಾದ ಇಸ್ರೇಲಿ ಪ್ರಜೆ ತನ್ನ ಪತಿಯನ್ನೋ ಪತ್ನಿಯನ್ನೋ ತನ್ನೂರಿನಲ್ಲಿ ನೆಲೆಗೊಳಿಸುವುದು ಬಹುಮಟ್ಟಿಗೆ ಅಸಾಧ್ಯವಾಯಿತು. ಭಯೋತ್ಪಾದಕರನ್ನು ತಡೆಯಲು ಇದು ಅಗತ್ಯವೆಂದು ಸರಕಾರದ ವಾದ. ಜನಸಂಖ್ಯೆಯ ಲೆಕ್ಕವೇ ಇದರ ಹಿಂದಿದೆಯೆಂದು ವಿರೋಧಿಗಳ ಆಕ್ಷೇಪ. ವರ್ಷ ವರ್ಷವೂ ನವೀಕರಣಗೊಂಡ ಈ 'ತಾತ್ಕಾಲಿಕ' ಶಾಸನ 2021ರ ಜುಲೈಯಲ್ಲಿ ಒಮ್ಮೆ ಬಿದ್ದುಹೋಗಿ, 2022ರ ಮಾರ್ಚಿಯಲ್ಲಿ ಮತ್ತೆ ಎದ್ದು ನಿಂತಿತು.

ದೇಶ: ಅನಿರ್ಧರಿತ

ಈ ಸಾಲಿನಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಲಕುವ ಚಿತ್ರ ಇಸ್ರೇಲಿನ ಏರನ್ ರಿಕ್ಲಿಸ್ ಅವರು 2004ರಲ್ಲಿ ತೆಗೆದ 'ಸಿರಿಯಾದ ಮದುಮಗಳು'. ಗೋಲನ್ ಎತ್ತರ ಪ್ರದೇಶದಲ್ಲಿ, ಹರ್ಮೋನ್ ಬೆಟ್ಟದ ಬುಡದಲ್ಲಿ, ಮಜ್ದಲ್ ಶಮ್ಸ್ ಎಂಬ ದೊಡ್ಡ ಗ್ರಾಮವಿದೆ. ಅಲ್ಲಿನವರು ದ್ರೂಜ್ ಪಂಗಡದವರು. 1967ರ ಯುದ್ಧದಲ್ಲಿ ಇಸ್ರೇಲ್ ಈ ಪ್ರದೇಶವನ್ನು ಸಿರಿಯಾದಿಂದ ಗೆದ್ದುಕೊಂಡಿತು. 1981ರಲ್ಲಿ ತನ್ನ ಕಾನೂನನ್ನು ಅಲ್ಲಿಗೆ ವಿಸ್ತರಿಸಿತು. ಊರಿನ ಬಹುಮಂದಿ ತಾವು ಸಿರಿಯಾದವರೆಂದು ಹೇಳಿ ಇಸ್ರೇಲಿನ ಪೌರತ್ವವನ್ನು ನಿರಾಕರಿಸಿದರು. ಹೀಗಾಗಿ ಅವರ ಪ್ರಯಾಣ ಪತ್ರಗಳಲ್ಲಿ ರಾಷ್ಟ್ರೀಯತೆ ಎಂಬಲ್ಲಿ 'ಅನಿರ್ಧರಿತ' ಎಂದು ಬರೆಯಲಾಗುತ್ತಿತ್ತು. ಗಡಿಯ ಬೇಲಿ ಒಂದೇ ಮನೆತನವನ್ನು ಎರಡಾಗಿ ಸೀಳಿತು. ಅಣ್ಣ ಈಚೆ, ತಂಗಿ ಆಚೆ. ಇವರು ಕಣಿವೆಯ ಎರಡು ಬದಿಗಳಲ್ಲಿ ನಿಂತು ಧ್ವನಿವರ್ಧಕ ಹಿಡಿದು ಕ್ಷೇಮಸಮಾಚಾರ ಕೂಗಿಕೊಳ್ಳುತ್ತಿದ್ದರು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಹಬ್ಬದ ಶುಭಾಶಯ ಎಲ್ಲವೂ ಕೂಗಿಯೇ.

ಕಥಾನಾಯಕಿ ಮೋನಾಳಿಗೆ ಸಿರಿಯಾದ ದೂರದರ್ಶನ ನಟನೊಬ್ಬನೊಡನೆ ಮದುವೆ ಗೊತ್ತಾಗಿದೆ. ಆತ ದೂರದ ಬಂಧು, ಎದುರೆದುರು ಕಂಡವಳಲ್ಲ. ಗಡಿಯನ್ನು ಒಮ್ಮೆ ದಾಟಿದಳೆಂದರೆ ಆಕೆ ಸಿರಿಯಾದ ಪ್ರಜೆ; ತಾಯಿ ತಂದೆಯ ಮನೆಗೆ ಮರಳುವಂತಿಲ್ಲ. ತವರಿನಿಂದ ಹೆಣ್ಣನ್ನು ಬೀಳ್ಕೊಡುವಾಗ ಕಣ್ಣೀರಿಡದ ತಾಯಿಯಿಲ್ಲ. ಆದರೆ ನಮ್ಮಲ್ಲಿ ಆಷಾಢಕ್ಕೋ ಬಾಣಂತನಕ್ಕೋ ಮಗಳು ಬಂದೇ ಬರುವಳೆಂಬ ಭರವಸೆ ಆ ಕಣ್ಣೀರಿನ ಹಿಂದಿರುತ್ತದೆ. ಮೋನಾಳ ತಾಯಿಗೆ ಅದೂ ಇಲ್ಲ.

ಬಿಳಿಯ ಉಡುಗೆ ತೊಟ್ಟ ಮದುಮಗಳು ಗಡಿಯ ಠಾಣೆಗೆ ಬರುತ್ತಾಳೆ. ಆಚೆ ವರನ ಕಡೆಯವರು ಕಾದಿದ್ದಾರೆ. ಇಸ್ರೇಲಿ ಅಧಿಕಾರಿ ಹೊಸ ನಿಯಮದಂತೆ ಆಕೆಯ ಕಾಗದದ ಮೇಲೆ 'ಇಸ್ರೇಲಿನಿಂದ ನಿರ್ಗಮನ' ಎಂದು ಮೊಹರು ಒತ್ತಿಬಿಡುತ್ತಾನೆ. ಸಿರಿಯಾದ ಅಧಿಕಾರಿ ಅದನ್ನು ಒಪ್ಪುವುದೆಂತು? ಒಪ್ಪಿದರೆ ಗೋಲನ್ ಇಸ್ರೇಲಿನದೆಂದು ಒಪ್ಪಿದಂತೆ! ರೆಡ್ ಕ್ರಾಸ್ ಸಂಸ್ಥೆಯ ಮಹಿಳೆಯೊಬ್ಬಳು ಆ ಕಾಗದ ಹಿಡಿದು ಎರಡು ಠಾಣೆಗಳ ನಡುವಿನ ನಿರ್ಜನ ಹಾದಿಯಲ್ಲಿ ಹೋಗಿ ಬಂದು ಹೋಗಿ ಬಂದು ಬಳಲುತ್ತಾಳೆ. ದೂರವಾಣಿಗಳು ಬಡಿದುಕೊಳ್ಳುತ್ತವೆ, ಮೇಲಧಿಕಾರಿ ಮನೆಗೆ ಹೋಗಿದ್ದಾನೆ, ಇನ್ನೊಬ್ಬನಿಗೆ ಅಧಿಕಾರವಿಲ್ಲ. ಈ ಪ್ರಸಂಗವನ್ನು ನೋಡುವಾಗ ನಗು ಬರುತ್ತದೆ; ನಕ್ಕದ್ದಕ್ಕೆ ನಾಚಿಕೆಯೂ ಆಗುತ್ತದೆ. ಸರಕಾರಿ ಕಚೇರಿಯ ಕಿಟಕಿಯ ಮುಂದೆ ಒಮ್ಮೆಯಾದರೂ ನಿಂತವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಕಡೆಗೆ ಮೊಹರಿನ ವ್ಯಾಜ್ಯ ಮುಗಿಯುವುದಕ್ಕಾಗಿ ಮೋನಾ ಕಾಯುವುದಿಲ್ಲ. ಯಾರನ್ನೂ ಕೇಳದೆ, ಒಬ್ಬಳೇ, ಆ ಹಾದಿಯಲ್ಲಿ ಸಿರಿಯಾದತ್ತ ಹೆಜ್ಜೆಯಿಡುತ್ತಾಳೆ.

ಮೋನಾಳಾಗಿ ನಟಿಸಿದಾಕೆ ಕ್ಲಾರಾ ಖೂರಿ, ರನಾಳಾಗಿದ್ದವಳೂ ಈಕೆಯೇ. ತೆರೆಯ ಮೇಲೆ ಈಕೆಯ ತಂದೆಯಾದವರು ನಿಜವಾದ ತಂದೆ ಮಕ್ರಮ್ ಖೂರಿ. ಹದಿನೇಳು ವರ್ಷಗಳ ಹಿಂದೆ ಇನ್ನೊಬ್ಬರ ಮದುವೆಗೆ ಕರ್ಫ್ಯೂ ಷರತ್ತು ಹಾಕಿದ ಅಧಿಕಾರಿಯ ಪಾತ್ರದಲ್ಲಿದ್ದವರು, ಈಗ ಜಾಮೀನಿನ ಮೇಲೆ ಬಿಡುಗಡೆಯಾದ ಕೈದಿಯಾಗಿ, ಗಡಿಯ ಬಳಿ ಸುಳಿಯಬಾರದೆಂಬ ಆಜ್ಞೆಯನ್ನು ಮೀರಿ ಮಗಳನ್ನು ಬೀಳ್ಕೊಡಲು ನಿಂತಿದ್ದಾರೆ. ಅಕ್ಕ ಅಮಲ್ ಪಾತ್ರದ ಹಿಯಾಮ್ ಅಬ್ಬಾಸ್ ಅವರ ಮುಖವನ್ನಂತೂ ಮರೆಯಲಾಗದು. ನಾಲ್ಕು ವರ್ಷಗಳ ಬಳಿಕ ರಿಕ್ಲಿಸ್ ಇವರನ್ನೇ 'ನಿಂಬೆಯ ಮರ' ಚಿತ್ರದ ವಿಧವೆಯಾಗಿಸಿದರು. ನೆರೆಮನೆಗೆ ರಕ್ಷಣಾ ಸಚಿವರು ಬಂದು ನೆಲೆಸಿದ್ದರಿಂದ, ತಂದೆಯ ಕಾಲದ ನಿಂಬೆ ತೋಟವನ್ನು ಕಡಿಯಬೇಕೆಂದು ಆಕೆಗೆ ಆಜ್ಞೆ ಬರುತ್ತದೆ. ಸಚಿವರ ಗೃಹಪ್ರವೇಶದ ಔತಣಕ್ಕೆ ನಿಂಬೆ ಸಾಲದಾದಾಗ ಕಿತ್ತುಕೊಂಡು ಹೋಗುವುದು ಮಾತ್ರ ಅದೇ ತೋಟದಿಂದ!

ಈ ಎರಡು ಚಿತ್ರಗಳ ಕತೆಯನ್ನೂ ರಿಕ್ಲಿಸರೊಡನೆ ಬರೆದವರು ಗಲಿಲೀ ಸೀಮೆಯ ಅರಬ್ ಲೇಖಕಿ ಸುಹಾ ಅರ್ರಾಫ್. ಮೋನಾಳ ಕಾಗದದ ಮೇಲಿದ್ದ ಆ 'ಅನಿರ್ಧರಿತ' ಎಂಬ ಪದ ಹತ್ತು ವರ್ಷಗಳ ಅನಂತರ ಲೇಖಕಿಯನ್ನೇ ಹಿಂಬಾಲಿಸಿ ಬಂತು. 2014ರಲ್ಲಿ ಆಕೆ ಸ್ವತಃ 'ವಿಲ್ಲಾ ತೂಮಾ' ಚಿತ್ರವನ್ನು ನಿರ್ದೇಶಿಸಿದರು. ಅದೂ ಹೆಣ್ಣಿಗೆ ಗಂಡು ಹುಡುಕುವ ಕತೆಯೇ. ರಮಲ್ಲಾದ ಹಳೆಯ ಬಂಗಲೆಯಲ್ಲಿ ಕಿಟಕಿ ಮುಚ್ಚಿಕೊಂಡು ಗತವೈಭವದಲ್ಲೇ ಬದುಕುತ್ತಿರುವ ಮೂವರು ಕ್ರೈಸ್ತ ಸೋದರಿಯರು ಅನಾಥಳಾದ ಸೋದರನ ಮಗಳಿಗೆ ಕುಲಸ್ಥ ವರನನ್ನು ಹುಡುಕುತ್ತಾರೆ. ಚಿತ್ರಕ್ಕೆ ಇಸ್ರೇಲಿನ ಸಾರ್ವಜನಿಕ ನಿಧಿಗಳ ನೆರವಿತ್ತು. ವೆನಿಸ್ ಉತ್ಸವದಲ್ಲಿ ಅದನ್ನು ಪ್ಯಾಲೆಸ್ಟೈನ್ ಚಿತ್ರವೆಂದು ಆಕೆ ನಮೂದಿಸಿದಾಗ ಇಸ್ರೇಲಿನಲ್ಲಿ ಕೋಲಾಹಲವೆದ್ದಿತು. ಹಣ ಹಿಂದಿರುಗಿಸಬೇಕೆಂಬ ಒತ್ತಾಯ ಬಂತು. ತೆರಿಗೆ ಕೊಡುವ ಪ್ರಜೆಯಾಗಿ ಆ ನಿಧಿಯಲ್ಲಿ ತನಗೂ ಪಾಲುಂಟು, ತಾನು ಯಾರೆಂಬುದನ್ನು ಹೇಳಿಕೊಳ್ಳುವ ಹಕ್ಕೂ ಉಂಟು ಎಂಬುದು ಆಕೆಯ ನಿಲುವು. ಕಟ್ಟಕಡೆಗೆ ವೆನಿಸ್ಸಿನಲ್ಲಿ ಚಿತ್ರ ಯಾವ ದೇಶದ ಹೆಸರೂ ಇಲ್ಲದೆ ಪ್ರದರ್ಶಿತವಾಯಿತು. ಅಬು-ಅಸಾದ್ ಅವರ 'ಪ್ಯಾರಡೈಸ್ ನೌ' 2006ರಲ್ಲಿ ಆಸ್ಕರ್ ಸ್ಪರ್ಧೆಗೆ ಬಂದಾಗಲೂ ದೇಶದ ಹೆಸರು ಏನೆಂಬ ವಿವಾದವೆದ್ದು, 'ಪ್ಯಾಲೆಸ್ಟೈನ್' ಎಂಬುದು 'ಪ್ಯಾಲೆಸ್ಟೈನಿ ಪ್ರದೇಶಗಳು' ಎಂದಾದದ್ದುಂಟು.

ಮಜ್ದಲ್ ಶಮ್ಸ್ ಆಮೇಲೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಮದುವೆಗಾಗಿ ಅಲ್ಲ. 2024ರ ಜುಲೈ 27ರಂದು ಅಲ್ಲಿನ ಕಾಲ್ಚೆಂಡಿನ ಬಯಲಿಗೆ ರಾಕೆಟ್ ಬಿದ್ದು 12 ಮಕ್ಕಳು ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಸಿರಿಯಾದ ಅಸಾದ್ ಆಡಳಿತ ಕುಸಿದುಬಿತ್ತು, ಇಸ್ರೇಲಿ ಸೈನ್ಯ ಬೇಲಿಯಾಚೆಯ ಸೇನಾರಹಿತ ಪಟ್ಟಿಯನ್ನೂ ಹೊಕ್ಕಿತು.

ಧಾರಾವಾಹಿಯ ಕೊನೆಯ ಕಂತು

ವಾರವಾರವೂ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾದು ಕೂರುವ ನಮ್ಮ ಓದುಗರಿಗೆ ಇನ್ನೊಂದು ಚಿತ್ರವನ್ನು ಹೇಳದಿದ್ದರೆ ಅನ್ಯಾಯವಾದೀತು. ಸಾಮೆಹ್ ಜೋಬಿಯವರ 2018ರ 'ಟೆಲ್ ಅವೀವ್ ಆನ್ ಫೈರ್'. ರಮಲ್ಲಾದಲ್ಲಿ ತಯಾರಾಗುವ ಒಂದು ದೂರದರ್ಶನ ಧಾರಾವಾಹಿ. 1967ರ ಯುದ್ಧಕ್ಕೆ ಮುಂಚಿನ ಕಾಲ. ಪ್ಯಾಲೆಸ್ಟೈನಿ ಗೂಢಚಾರಿಣಿಯೊಬ್ಬಳು ವೇಷ ಮರೆಸಿ ಇಸ್ರೇಲಿ ಸೇನಾನಿಯ ಸ್ನೇಹ ಸಂಪಾದಿಸುತ್ತಾಳೆ. ಅದಕ್ಕೆ ಹಿಬ್ರೂ ಮಾತುಗಳನ್ನು ತಿದ್ದಿಕೊಡುವ ಸಲಾಮ್ ಎಂಬ ಮೈಗಳ್ಳ ತರುಣ ದಿನವೂ ತಪಾಸಣೆಯ ಠಾಣೆ ದಾಟಬೇಕು. ಠಾಣೆಯ ಅಧಿಕಾರಿ ಅಸ್ಸಿಯ ಹೆಂಡತಿ ಆ ಧಾರಾವಾಹಿಯ ಕಟ್ಟಾ ಅಭಿಮಾನಿ! ಸಲಾಮ್ ತಾನೇ ಲೇಖಕನೆಂದು ಬಡಾಯಿ ಕೊಚ್ಚುತ್ತಾನೆ. ಅಂದಿನಿಂದ ಅಸ್ಸಿ ಕತೆಗೆ ಸೂಚನೆಗಳನ್ನು ಕೊಡತೊಡಗುತ್ತಾನೆ, ಒಳ್ಳೆಯ ಹುಮ್ಮುಸ್ ತಂದುಕೊಟ್ಟರೆ ದಾರಿ ಸಲೀಸು. ನಾಯಕಿ ಸೇನಾನಿಯನ್ನು ಮದುವೆಯಾಗಬೇಕು, ಅದು ಅಸ್ಸಿಯ ಪಟ್ಟು. ಹಣ ಹಾಕಿದವರಿಗೂ ಧಾರಾವಾಹಿಯ ನಿರ್ಮಾಪಕನಿಗೂ ಅಂಥ ಮದುವೆ ಕನಸಿನಲ್ಲೂ ಸಲ್ಲದು. ನಡುವೆ ಸಿಕ್ಕ ಲೇಖಕ ಕೊನೆಯ ಕಂತನ್ನು ಹೇಗೆ ಮುಗಿಸಿದನೆಂದು ಇಲ್ಲಿ ಬರೆದು ರಸಭಂಗ ಮಾಡುವುದಿಲ್ಲ. ಸಲಾಮ್ ಪಾತ್ರದ ಕೈಸ್ ನಾಶಿಫ್ ವೆನಿಸ್ಸಿನ ಒರಿಜ಼ಾಂಟಿ ವಿಭಾಗದಲ್ಲಿ ಶ್ರೇಷ್ಠ ನಟರೆನಿಸಿದರು.

ಗಾಜಾದಿಂದಲೂ ಒಂದು ಮದುವೆಯ ಮಾತಿದೆ. ಅಲ್ಲಿಯೇ ಹುಟ್ಟಿದ ಅವಳಿ ಸಹೋದರರಾದ ನಾಸೆರ್ ನಿರ್ದೇಶಕರ 2020ರ 'ಗಾಜಾ ಮಾನ್ ಅಮೂರ್'ನಲ್ಲಿ ಅರವತ್ತರ ಬ್ರಹ್ಮಚಾರಿ ಬೆಸ್ತನೊಬ್ಬ ಮಾರುಕಟ್ಟೆಯ ದರ್ಜಿ ಹೆಂಗಸನ್ನು, ಅದೇ ಹಿಯಾಮ್ ಅಬ್ಬಾಸ್ ಅವರನ್ನು, ಮನಸಾರೆ ಮೆಚ್ಚಿ ಬಾಯಿಬಿಡಲಾರದೆ ಒದ್ದಾಡುತ್ತಾನೆ. ಸೋದರಿಯಾದರೋ ತನಗೆ ತೋರಿದ ವಧುಗಳ ಮೆರವಣಿಗೆಯನ್ನೇ ಅವನ ಮನೆಗೆ ತರುತ್ತಾಳೆ. ಬಲೆಗೆ ಪುರಾತನ ಅಪೋಲೋ ವಿಗ್ರಹವೊಂದು ಬಿದ್ದು ಇನ್ನಷ್ಟು ಫಜೀತಿ. ಕತೆ ಗಾಜಾದ್ದಾದರೂ ಚಿತ್ರೀಕರಣ ಗಾಜಾದಲ್ಲಿ ಆಗಲಿಲ್ಲ. ಜೋರ್ಡಾನ್, ಪೋರ್ಚುಗಲ್ಲುಗಳಲ್ಲಿ ಆಯಿತು. ಆ ಮಾರುಕಟ್ಟೆ, ಆ ದೋಣಿಕಟ್ಟೆಗಳ ಗತಿಯನ್ನು ವಾಚಕರು ಬಲ್ಲರು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು, 251 ಮಂದಿ ಒತ್ತೆಯಾಳುಗಳಾದರು. ಅನಂತರದ ಎರಡು ವರ್ಷಗಳ ಯುದ್ಧದಲ್ಲಿ ಗಾಜಾದ ಸತ್ತವರ ಸಂಖ್ಯೆ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 60,000ವನ್ನು ಮೀರಿತು. ಈ ಅವಧಿಯ ಚಿತ್ರಗಳು ಕಲ್ಪನೆಗಿಂತ ವಾಸ್ತವವನ್ನೇ ಹಿಡಿದಿವೆ. ಬಾಸೆಲ್ ಅದ್ರಾ ಮತ್ತು ಯುವಾಲ್ ಅಬ್ರಹಾಂ, ಒಬ್ಬ ಪ್ಯಾಲೆಸ್ಟೈನಿ ಒಬ್ಬ ಇಸ್ರೇಲಿ, ಇನ್ನಿಬ್ಬರೊಡನೆ ಸೇರಿ ಮನೆಗಳ ನೆಲಸಮವನ್ನು ಚಿತ್ರಿಸಿದ 'ನೋ ಅದರ್ ಲ್ಯಾಂಡ್' 2025ರಲ್ಲಿ ಆಸ್ಕರ್ ಪಡೆಯಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಗೆದ್ದ 'ಹೋಲ್ಡಿಂಗ್ ಲಿಯಾತ್' ಒತ್ತೆಯಾಳಾದ ಮಗಳಿಗಾಗಿ ಕಾದ ಇಸ್ರೇಲಿ ಕುಟುಂಬವೊಂದರ ಊಟದ ಮೇಜಿನ ಸುತ್ತಲಿನ ದುಃಖವನ್ನೂ ವಾಗ್ವಾದವನ್ನೂ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.

ಲಗ್ನಪತ್ರಿಕೆಯ ಹಾದಿ

ಕೊನೆಗೆ ಉಳಿಸಿಕೊಂಡದ್ದು ಆನ್‌ಮೇರಿ ಜಾಸಿರ್ ಅವರ 2017ರ 'ವಾಜಿಬ್'. ಪದದ ಅರ್ಥ ಕರ್ತವ್ಯ. ನಜರೇತಿನ ಪ್ಯಾಲೆಸ್ಟೈನಿಗಳಲ್ಲಿ ಮದುವೆಯ ಕರೆಯೋಲೆಯನ್ನು ಅಂಚೆಯಲ್ಲಿ ಹಾಕುವುದು ಮರ್ಯಾದೆಯಲ್ಲ. ಮನೆಯ ಗಂಡಸರು ಮನೆಮನೆಗೆ ಹೋಗಿ ಕೈಯಾರೆ ಕೊಟ್ಟು ಬರಬೇಕು. ಅಕ್ಷತೆಯೊಡನೆ ಲಗ್ನಪತ್ರಿಕೆ ಹಿಡಿದು ಬೀದಿಬೀದಿ ಸುತ್ತಿದ ನಮ್ಮವರಿಗೆ ಈ ಕಷ್ಟಸುಖ ಬಿಡಿಸಿ ಹೇಳಬೇಕೆ? ಮಗಳ ಮದುವೆಗಾಗಿ, ಕ್ರಿಸ್‌ಮಸ್ ಸಮೀಪಿಸಿದ ಒಂದು ದಿನ, ಉಪಾಧ್ಯಾಯನಾದ ತಂದೆಯೂ ಇಟಲಿಯಿಂದ ಬಂದ ವಾಸ್ತುಶಿಲ್ಪಿ ಮಗನೂ ಹಳೆಯ ವೋಲ್ವೋ ಕಾರಿನಲ್ಲಿ ಹೊರಡುತ್ತಾರೆ. ಹೋದಲ್ಲೆಲ್ಲ ಕಾಫಿ, ಸಿಹಿ, ಮಗನಿಗೆ ಹೆಣ್ಣು ತೋರಿಸುವ ಚಿಕ್ಕಮ್ಮಂದಿರು. ತಂದೆಗೆ ಹೃದ್ರೋಗ, ಮಗನ ಕಣ್ಣು ತಪ್ಪಿಸಿ ಸಿಗರೇಟು. ಎಂದೋ ಗಂಡನನ್ನು ಬಿಟ್ಟು ಅಮೆರಿಕಕ್ಕೆ ಹೋದ ತಾಯಿ ಮಗಳ ಮದುವೆಗೆ ಬರುವಳೋ ಇಲ್ಲವೋ ಎಂಬ ಅನುಮಾನ ಇಬ್ಬರ ನಡುವೆ ಕಾರಿನಲ್ಲೇ ಕುಳಿತಿದೆ.

ಇಡೀ ಚಿತ್ರದಲ್ಲಿ ಒಂದು ಗುಂಡಿನ ಸದ್ದಿಲ್ಲ. ಸ್ಫೋಟವಾಗುವುದು ಕರೆಯುವವರ ಪಟ್ಟಿಯಲ್ಲಿದ್ದ ಒಂದು ಹೆಸರಿನಿಂದ. ರಾನೀ ಎಂಬ ಯೆಹೂದಿ ಅಧಿಕಾರಿಯನ್ನು ಕರೆಯಬೇಕೆಂದು ತಂದೆ. ಆತ ಸ್ನೇಹಿತ, ಶಾಲೆಯ ವಿಚಾರದಲ್ಲಿ ಪ್ರಭಾವಶಾಲಿ, ಮುಖ್ಯೋಪಾಧ್ಯಾಯನ ಹುದ್ದೆ ಅವನ ಮಾತಿನ ಮೇಲಿದೆ. ಆತ ಗುಪ್ತಚಾರ, ಹಿಂದೆ ತನ್ನ ಮೇಲೆ ವರದಿ ಮಾಡಿದವನೇ ಅವನು ಎಂದು ಮಗ. ಅದೇ ಹಳೆಯ ಪ್ರಶ್ನೆ, ಗಲಿಲೀಯ ಆ ಮುಖ್ತಾರನದು: ಅಧಿಕಾರಿಯನ್ನು ಮದುವೆಗೆ ಕರೆಯುವುದೋ ಬಿಡುವುದೋ? ಆದರೆ ಮೂವತ್ತು ವರ್ಷಗಳ ಅಂತರದಲ್ಲಿ ಷರತ್ತನ್ನು ಯಾರೂ ಹಾಕಬೇಕಾಗಿಲ್ಲ. ಕರೆಯದಿದ್ದರೆ ಆಗುವ ನಷ್ಟದ ಲೆಕ್ಕ ತಂದೆಯ ತಲೆಯಲ್ಲೇ ಇದೆ. ಬೀದಿಯ ನಡುವೆ ಕಾರು ನಿಲ್ಲಿಸಿ ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಾರಿಬಿಡುತ್ತಾರೆ. ದೂರದ ದೇಶದಲ್ಲಿ ಸುಖವಾಗಿದ್ದುಕೊಂಡು ಸ್ವಾಭಿಮಾನ ಬೋಧಿಸುವುದು ಸುಲಭವೆಂಬುದು ತಂದೆಯ ಅಳಲು. ಇಷ್ಟು ಬಗ್ಗಿದ ಮೇಲೆ ಉಳಿದದ್ದೇನೆಂಬುದು ಮಗನ ಉರಿ. ನಿರ್ದೇಶಕಿ ಯಾರ ಪಕ್ಷವನ್ನೂ ವಹಿಸಿಲ್ಲ. ನಮಗೆ ಮಾತ್ರ, ಎರಡು ಮಕ್ಕಳನ್ನು ಆ ಊರಲ್ಲೇ ಸಾಕಿ ದೊಡ್ಡದು ಮಾಡಿದ ಆ ಸುಳ್ಳುಗಾರ ಮುದುಕನ ಮೇಲೆಯೇ ಮನಸ್ಸು ಹೋಗುತ್ತದೆ.

ಪಾತ್ರಧಾರಿಗಳಾದ ಮಹಮ್ಮದ್ ಬಕ್ರಿ ಮತ್ತು ಸಾಲೆಹ್ ಬಕ್ರಿ ಜೀವನದಲ್ಲೂ ತಂದೆ ಮಕ್ಕಳೇ. ಮದುವೆಯನ್ನು ಚಿತ್ರ ತೋರಿಸುವುದೇ ಇಲ್ಲ. ಸಂಜೆ ಮನೆಗೆ ಬಂದು, ಜಗಳದ ಬಿಸಿ ಆರಿದ ಮೇಲೆ, ಇಬ್ಬರೂ ಕಾಫಿ ಹಿಡಿದು ಊರನ್ನು ನೋಡುತ್ತ ಕೂರುತ್ತಾರೆ. ಈಗ ತಂದೆ ಸಿಗರೇಟನ್ನು ಮರೆಮಾಚುವುದಿಲ್ಲ.